ಗೋಡೆ ಮೇಲಿನ ಗ್ರಹಣ

1980ರ ಫೆಬ್ರವರಿ 16, ಶನಿವಾರ. ನನಗೆ ಆಗ ಒಂಬತ್ತು ವರ್ಷ. ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ ಕಡೆಯಿಂದ ಬಂದು, ನಮ್ಮ ಗದಗಿನ ಮೇಲೆ ಹಾದು, ರಾಯಚೂರಿನ ಕಡೆ ಹೋಗುವುದಿತ್ತು. ಜವಳಗೇರಾದಲ್ಲಿ ವಿಜ್ಞಾನಿಗಳು ದುರ್ಬೀನು ಹೂಡಿ ಕಾಯುತ್ತಿದ್ದರು. ಇದೆಲ್ಲ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಅವತ್ತು ಗೊತ್ತಿದ್ದಿದ್ದು ಒಂದೇ: ಹೊರಗೆ ಕಾಲಿಡುವ ಹಾಗಿಲ್ಲ.

ಅವ್ವ ಬಸುರಿ. ಹಾಗಾಗಿ ನಮ್ಮ ಮನೆಯಲ್ಲಿ ಭಯ ಜಾಸ್ತಿ. ಅಜ್ಜಿ ನೀರಿನ ಕೊಡ, ಮೊಸರಿನ ಗಡಿಗೆ ಎಲ್ಲದರ ಮೇಲೂ ಗರಿಕೆ ಇಟ್ಟಳು. ಹಿತ್ತಾಳೆ ಪರಾತದಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದಳು. ಕದ, ಕಿಟಕಿ ಮುಚ್ಚಿದರು. ಮಾಳಿಗೆಯ ಬೆಳಕಿಂಡಿಗೆ ಹಳೇ ತಗಡು ಎಳೆದರು.

ಆ ತಗಡಿನಲ್ಲಿ ಒಂದು ಮೊಳೆ ತೂತು ಇತ್ತು. ಅದರಿಂದ ಇಳಿದ ಬಿಸಿಲು ಎದುರಿನ ಗೋಡೆ ಮೇಲೆ ದುಂಡಗೆ ಬಿದ್ದಿತ್ತು. ಬೇರೆ ನೋಡಲು ಏನಿತ್ತು? ಅದನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಅದರ ಒಂದು ಅಂಚು ಕಾಣದಾಯಿತು. ಆಮೇಲೆ ಅರ್ಧ. ಆಮೇಲೆ ಅದು ಕುಡುಗೋಲಿನ ಹಾಗೆ ಬಾಗಿತು.

'ಅವ್ವಾ, ಅಲ್ಲಿ ನೋಡು' ಅಂದೆ.

'ಅದನ್ನ ನೋಡಬ್ಯಾಡ ತಮ್ಮಾ, ಇತ್ಲಾಗ ತಿರುಗು' ಅಂತ ಅವ್ವ ನನ್ನ ಮುಖವನ್ನು ಸೆರಗಿಗೆ ಒತ್ತಿ ಹಿಡಿದಳು.

ಸೆರಗಿನ ಸಂದಿಯಿಂದ ಕಂಡಿದ್ದು ಕತ್ತಲೆ. ಓಣಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ. ಅವ್ವನ ಎದೆ ಬಡಿತ ಮಾತ್ರ ಕೇಳುತ್ತಿತ್ತು. ಎರಡು ನಿಮಿಷದ ಮೇಲೆ ಎಲ್ಲೋ ಒಂದು ಹುಂಜ ಕೂಗಿತು. ಮುಖ ಬಿಡಿಸಿಕೊಂಡು ನೋಡಿದರೆ, ಗೋಡೆ ಮೇಲಿನ ಕುಡುಗೋಲು ಮತ್ತೆ ಬಂದಿತ್ತು. ಆದರೆ ಈಗ ಆ ಕಡೆ ಮುಖ ಮಾಡಿತ್ತು. ಗ್ರಹಣ ಬಿಟ್ಟ ಮೇಲೆ ಎಲ್ಲರಿಗೂ ತಲೆ ಮೇಲೆ ನೀರು. ಮುಂದೆ ಶಾಲೆಯಲ್ಲಿ ಗ್ರಹಣದ ಪಾಠ ಬಂದಾಗಲೆಲ್ಲ, ಮನೆ ಬಾಗಿಲಿಗೆ ಬಂದಿದ್ದನ್ನು ನೋಡದೆ ಕಳೆದುಕೊಂಡೆ ಅಂತ ಹೊಟ್ಟೆ ಉರಿಯುತ್ತಿತ್ತು.

2024ರ ಏಪ್ರಿಲ್ 8ರಂದು ನಾನು ಟೆಕ್ಸಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಅವಳಿರುವ ಹ್ಯೂಸ್ಟನ್‌ನಲ್ಲಿ ಸೂರ್ಯ ನೂರಕ್ಕೆ 94 ಭಾಗ ಮುಚ್ಚುವುದಿತ್ತು. ಅಷ್ಟು ಸಾಕಲ್ವಾ ಅಂತ ಕೆಲವರು ಕೇಳಿದರು. ಸಾಲದು. ಸೂರ್ಯನ ಒಂದು ಎಳೆ ಉಳಿದರೂ ಅದು ಹಗಲೇ. ಒಮ್ಮೆ ಪೂರ್ತಿ ಕತ್ತಲನ್ನು ಸೆರಗಿನ ಸಂದಿಯಿಂದಷ್ಟೇ ಕಂಡವನು ನಾನು. ನನಗೆ ಪೂರ್ತಿ ಬೇಕಿತ್ತು. ಬೆಳಗಿನ ಜಾವವೇ ಹೊರಟು, 200 ಮೈಲಿ ದಾಟಿ, ಡಲ್ಲಾಸ್‌ಗಿಂತ ಸ್ವಲ್ಪ ಈಚೆ ಇರುವ ಎನ್ನಿಸ್ ಊರಿಗೆ ಹೋದೆವು. ದಾರಿಯುದ್ದಕ್ಕೂ ಮೋಡ. ರಸ್ತೆ ಬದಿಯಲ್ಲಿ ನೀಲಿ ಬ್ಲೂಬಾನೆಟ್ ಹೂವು ಹಾಸಿದ ಹಾಗೆ ಇತ್ತು. ಅದನ್ನು ನೋಡುವ ಮನಸ್ಸೂ ನನಗಿರಲಿಲ್ಲ, ತಲೆ ಎತ್ತಿ ಮೋಡವನ್ನೇ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮೋಡ ಹರಿದು ತೆಳ್ಳಗಾಯಿತು. ಒಂದು ಓಕ್ ಮರದ ಕೆಳಗೆ ಕೂತಿದ್ದೆವು. ಮಗಳು 'ಅಪ್ಪಾ, ನೆಲ ನೋಡು' ಅಂದಳು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲೆಲ್ಲ ಪುಟ್ಟ ಪುಟ್ಟ ಕುಡುಗೋಲು. ನೂರಾರು. ನನ್ನ ಅಂಗಿ ಮೇಲೆ, ಅವಳ ಅಂಗೈ ಮೇಲೆ. ನನಗೆ ಮಾತೇ ಹೊರಡಲಿಲ್ಲ. ಆ ತಗಡಿನ ತೂತು ಸೂರ್ಯನ ಚಿತ್ರವನ್ನೇ ನಮ್ಮ ಗೋಡೆಗೆ ಇಳಿಸಿತ್ತು. ನಾನು ಕಳೆದುಕೊಂಡಿರಲಿಲ್ಲ. ನೋಡಿದ್ದೆ.

1:40ರ ಸುಮಾರಿಗೆ ಬೆಳಕು ಬದಲಾಯಿತು. ಅದು ಸಂಜೆಯ ಬೆಳಕಲ್ಲ. ಸಂಜೆಗೆ ಕೆಂಪು ಇರುತ್ತದೆ. ಇದು ಬೂದಿ ಹಚ್ಚಿದ ಹಾಗೆ, ನೆರಳುಗಳ ಅಂಚು ಮಾತ್ರ ಚೂಪು. ತಣ್ಣನೆ ಗಾಳಿ ಬಂತು. ನೈಋತ್ಯದಿಂದ ಕತ್ತಲು ಎದ್ದು ನಮ್ಮ ಮೇಲೆ ಬಂತು. ಕೊನೆಯ ಒಂದು ಹನಿ ಬೆಳಕು ವಜ್ರದ ಹಾಗೆ ಉರಿದು ಆರಿತು. ಗ್ರಹಣದ ಕನ್ನಡಕ ತೆಗೆದೆ.

ನೆತ್ತಿಯ ಹತ್ತಿರ ಕಪ್ಪು ಬಿಲ್ಲೆ. ಸುತ್ತ ಬಿಳಿ ಕರೋನಾ, ಅಂದರೆ ಸೂರ್ಯನ ಹೊರಗಿನ ವಾತಾವರಣದ ಹೊಳಪು. ನಾನು ಹತ್ತಿಯ ಊರಿನವನು. ನನಗೆ ಅದು ಹಿಂಜಿದ ಅರಳೆಯ ಹಾಗೇ ಕಂಡಿತು, ಎಳೆ ಎಳೆಯಾಗಿ ಎಲ್ಲ ದಿಕ್ಕಿಗೂ ಹರಡಿತ್ತು. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಅದು ಹೀಗೆ ಸುತ್ತಲೂ ಹರಡುತ್ತದಂತೆ. 1980 ಕೂಡ ಅಂಥದ್ದೇ ಹೊತ್ತು. ನಮ್ಮ ಮಾಳಿಗೆ ಮೇಲೂ ಹೀಗೇ ಹರಡಿದ್ದಿರಬೇಕು. ಬಿಲ್ಲೆಯ ಕೆಳಗಿನ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಸೂರ್ಯನಿಂದ ಎದ್ದ ಜ್ವಾಲೆ. ಒಂದು ಕಡೆ ಶುಕ್ರ, ಇನ್ನೊಂದು ಕಡೆ ಗುರು. ಸುತ್ತಲಿನ ಜನ ಕೂಗುತ್ತಿದ್ದರು. ನಾನು ಅಳುತ್ತಿದ್ದೆ. ಚಂದ್ರನಿಗಿಂತ ಸೂರ್ಯ ಅಡ್ಡಳತೆಯಲ್ಲಿ 400 ಪಟ್ಟು ದೊಡ್ಡವನು, ಸುಮಾರು ಅಷ್ಟೇ ಪಟ್ಟು ದೂರ. ಅದಕ್ಕೇ ಇಬ್ಬರೂ ಒಂದೇ ಅಳತೆಗೆ ಕಾಣುವುದು ಅಂತ ಓದಿದ್ದೆ. ಓದಿದ್ದು ಒಂದೂ ನೆನಪಿಗೆ ಬರಲಿಲ್ಲ. ನಾಲ್ಕು ನಿಮಿಷದ ಮೇಲೆ ಆ ವಜ್ರ ಇನ್ನೊಂದು ಅಂಚಿನಲ್ಲಿ ಹೊತ್ತಿಕೊಂಡಿತು. ಇನ್ನಷ್ಟು ಹೊತ್ತು ಇರಬಾರದಿತ್ತಾ ಅನ್ನಿಸಿತು.

ಹ್ಯೂಸ್ಟನ್‌ಗೆ ವಾಪಸ್ ಬರುವಷ್ಟರಲ್ಲಿ ರಾತ್ರಿ. ಗದಗಿನಲ್ಲಿ ಯುಗಾದಿಯ ಬೆಳಗು. ಅವ್ವ ಎದ್ದು ಬೇವಿಗೆ ಬೆಲ್ಲ ಕುಟ್ಟುತ್ತಿದ್ದಳು. ಫೋನಿನಲ್ಲಿ ಎಲ್ಲ ಹೇಳಿದೆ. ಆಮೇಲೆ ಕೇಳಿದೆ, 'ಅವ್ವಾ, ಆವತ್ತು ಗೋಡಿ ಮ್ಯಾಲೆ ಬೆಳಕು ಬಿದ್ದಿತ್ತಲ್ಲ, ನೆನಪೈತೇನ?'

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

'ನೆನಪೈತಿ. ನಿನ್ನ ಮುಖ ಮುಚ್ಚಿದ್ನಲ್ಲ, ಆದ್ರ ನಾ ನೋಡಿದೆ. ಹೊಟ್ಯಾಗ ನಿನ್ನ ತಂಗಿ ಇದ್ಲು. ಹೆದರಿಕಿ ಆಗಿತ್ತು. ಆದ್ರೂ ಕಣ್ಣು ತೆಗಿಯಾಕ ಆಗಲಿಲ್ಲ. ನಿಮ್ಮಜ್ಜಿಗೆ ಹೇಳಲಿಲ್ಲ.'

44 ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

'ಯುಗಾದಿ ಚಂದ್ರನ್ನ ನೋಡೂದು ಮರೀಬ್ಯಾಡ' ಅಂದಳು ಕೊನೆಗೆ.

ಮರುದಿನ ಸಂಜೆ ಮಗಳೂ ನಾನೂ ಪಶ್ಚಿಮಕ್ಕೆ ಮುಖ ಮಾಡಿ ನಿಂತೆವು. ತುಂಬಾ ಹೊತ್ತು ಹುಡುಕಿದ ಮೇಲೆ ಮನೆಗಳ ಮೇಲೆ ಒಂದು ತೆಳು ಗೆರೆ ಕಂಡಿತು. ಹಿಂದಿನ ದಿನ ಸೂರ್ಯನನ್ನು ಮುಚ್ಚಿದ ಅದೇ ಚಂದ್ರ. ಮಗಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಅವ್ವನಿಗೆ ಫೋನ್ ಮಾಡಿ ಶರಣು ಹೇಳಿ, ಚಂದ್ರ ಕಂಡ ಅಂದೆ.

'ಹೌದಾ! ನಮಗಿನ್ನೂ ಸಂಜಿಗೆ ಐತಿ' ಅಂದಳು.