ಒಂದು ಮಾರು ಕಮ್ಮಿ ಬಿದ್ದ ಸೇತುವೆ

ಆ ತುಂಡು ದ್ವೀಪದಲ್ಲಿ ಇದ್ದದ್ದೇ ಮೂರು ಮರ. ಮೂರನ್ನೂ ಕಡಿದೆ. ದಿಮ್ಮಿಗಳನ್ನು ಒಂದರ ತುದಿಗೆ ಒಂದು ಅಂಟಿಸಿ, ಎತ್ತಿ, ಆಚೆ ದ್ವೀಪದ ಕಡೆಗೆ ಚಾಚಿದೆ. ತಲುಪಲಿಲ್ಲ. ಒಂದು ಮಾರು ಕಮ್ಮಿ ಬಿತ್ತು. ಕೆಳಗೆ ಬರೀ ಮೋಡ.

ಗೇಮ್ ಹೆಸರು 'ದಿ ಲೆಜೆಂಡ್ ಆಫ್ ಝೆಲ್ಡಾ: ಟಿಯರ್ಸ್ ಆಫ್ ದಿ ಕಿಂಗ್‌ಡಮ್'. 2023ರಲ್ಲಿ ಬಂದದ್ದು. ಶುರುವಿನಲ್ಲಿ ನಾಯಕ ಲಿಂಕ್ ಆಕಾಶದಲ್ಲಿ ತೇಲುವ ದ್ವೀಪಗಳ ಮೇಲೆ ಓಡಾಡುತ್ತಿರುತ್ತಾನೆ. ಗಾಳಿಯಲ್ಲಿ ತೇಲಿಕೊಂಡು ಇಳಿಯಲು ಬೇಕಾದ ಪ್ಯಾರಾಗ್ಲೈಡರ್ ಆಗಿನ್ನೂ ಸಿಕ್ಕಿರುವುದಿಲ್ಲ. ಸಿಕ್ಕಿರುವುದು ಅಲ್ಟ್ರಾಹ್ಯಾಂಡ್ ಅನ್ನುವ ಶಕ್ತಿ. ದೂರದಲ್ಲಿರುವ ವಸ್ತುವನ್ನು ಎತ್ತಬಹುದು, ತಿರುಗಿಸಬಹುದು, ಇನ್ನೊಂದಕ್ಕೆ ಅಂಟಿಸಬಹುದು. ಅಷ್ಟೇ. ಈ ಅಷ್ಟರಲ್ಲೇ ನನ್ನ ಎಷ್ಟೋ ರಾತ್ರಿಗಳು ಕಳೆದಿವೆ.

ಪಕ್ಕದಲ್ಲಿ ತಮ್ಮ ಕೂತಿದ್ದ. "ಅಕ್ಕ, ಇದು ದಾರಿನೇ ಅಲ್ಲ. ಬೇರೆ ಕಡೆಯಿಂದ ಹೋಗ್ಬೇಕು," ಅಂದ. ಇರಬಹುದು. ಆದರೆ ಪಕ್ಕದಲ್ಲೇ ಒಂದು ದೊಡ್ಡ ಬಂಡೆ ಬಿದ್ದಿತ್ತು. ನನ್ನ ಕಣ್ಣು ಅದರ ಮೇಲೇ ಇತ್ತು.

ಸೇತುವೆಯನ್ನು ಅಂಚಿನಿಂದ ಆಚೆಗೆ ಸರಿಸಿದೆ. ಅರ್ಧಕ್ಕಿಂತ ಜಾಸ್ತಿ ಹೊರಗೆ ಹೋದ ಕೂಡಲೇ ಮೂತಿ ಕೆಳಗಾಗಿ ವಾಲತೊಡಗಿತು. ಬೀಳುವ ಮೊದಲೇ ಹಿಡಿದು ವಾಪಸ್ ಎಳೆದುಕೊಂಡೆ. ಬಂಡೆಯನ್ನು ಅದರ ಮೇಲೆ ಅಂಟಿಸಿದೆ, ಅಂಚಿಗೆ ಹತ್ತಿರ. ಮತ್ತೆ ಸರಿಸಿದೆ. ಮತ್ತೆ ವಾಲಿತು. ಆಗ ಹೊಳೆಯಿತು. ಇದು ಸೇತುವೆ ಅಲ್ಲ, ಸನ್ನೆಕೋಲು. ದ್ವೀಪದ ಅಂಚೇ ಅದರ ಆಧಾರ. ಬಂಡೆಯ ತೂಕ ಎಷ್ಟು ಅನ್ನುವುದರ ಜೊತೆಗೆ, ಅದು ಅಂಚಿನಿಂದ ಎಷ್ಟು ದೂರದಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ತೂಕ ಗುಣಿಸು ದೂರ. ಅಂಚಿಗೆ ಹತ್ತಿರ ಇಟ್ಟರೆ ಎಷ್ಟು ದೊಡ್ಡ ಬಂಡೆಯಾದರೂ ಉಪಯೋಗ ಕಮ್ಮಿ.

ಬಂಡೆ ಕಿತ್ತು ಬಾಲದ ಕಟ್ಟಕಡೆಯ ತುದಿಗೆ ಅಂಟಿಸಿದೆ. ಮೊದಲ ದಿಮ್ಮಿಯ ಅರ್ಧ ಮಾತ್ರ ನೆಲದ ಮೇಲೆ. ಉಳಿದ ಎರಡೂವರೆ ದಿಮ್ಮಿ ಗಾಳಿಯಲ್ಲಿ. ಕೈ ಬಿಟ್ಟೆ. ಒಂದು ಸಲ ತೂಗಿ ನಿಂತಿತು. ಲಿಂಕ್ ಅದರ ಮೇಲೆ ಓಡಿದ. ತುದಿ ತಲುಪುವ ಹೊತ್ತಿಗೆ ಬಾಲ ಮೇಲೇಳುತ್ತಿತ್ತು, ಕಾಲ ಕೆಳಗಿನ ದಿಮ್ಮಿ ಜಾರುತ್ತಿತ್ತು. ಹಾರಿದ. ಆಚೆ ಅಂಚು ಎರಡೂ ಕೈಗೆ ಸಿಕ್ಕಿತು.

ತಮ್ಮ ಒಂದು ಕ್ಷಣ ಸುಮ್ಮನಿದ್ದು, "ಇದು ಮೋಸ ಅಲ್ವಾ ಅಕ್ಕ?" ಅಂದ.

ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಎರಡು ವಾರದಿಂದ ಅದೇ ತಲೆಯಲ್ಲಿದೆ. ನನ್ನ ಉತ್ತರ: ಮೋಸ ಅಲ್ಲ.

ಹಳೆ ಕಾಲದ ಎಷ್ಟೋ ಪಝಲ್‌ಗಳು ಬೀಗ ಮತ್ತು ಕೀಲಿಕೈ ಇದ್ದ ಹಾಗೆ. ಈ ಬೀಗಕ್ಕೆ ಇದೇ ಕೀಲಿಕೈ. ಮಾಡಿದವರ ಮನಸ್ಸಿನಲ್ಲಿ ಏನಿತ್ತೋ ಅದನ್ನು ಊಹಿಸಬೇಕು, ಬೇರೆ ಏನು ಮಾಡಿದರೂ ಬಾಗಿಲು ತೆರೆಯುವುದಿಲ್ಲ. ಫಿಸಿಕ್ಸ್ ಪಝಲ್ ಹಾಗಲ್ಲ. ನೀವು ಹೇಗೆ ಬಂದಿರಿ ಅಂತ ಅದು ಕೇಳುವುದೇ ಇಲ್ಲ. ಚೆಂಡು ಗುಳಿಗೆ ಬಿತ್ತಾ? ಸ್ವಿಚ್ಚಿನ ಮೇಲೆ ತೂಕ ಕೂತಿತಾ? ಲಿಂಕ್ ಆಚೆ ನಿಂತಿದ್ದಾನಾ? ಅಷ್ಟನ್ನೇ ನೋಡುತ್ತದೆ. ನಡುವೆ ನಡೆದದ್ದೆಲ್ಲ ತೂಕ, ಜಾರಿಕೆ, ಗುರುತ್ವ ಇವುಗಳ ಕೆಲಸ. ಬಂಡೆಗೆ ತಾನು ಪಝಲ್‌ನ ಭಾಗವೋ ಅಲ್ಲವೋ ಗೊತ್ತಿರುವುದಿಲ್ಲ. ನನಗೆ ಇದು ತುಂಬ ಇಷ್ಟ.

ಈ ಇಷ್ಟ ಮೊದಲು ಹುಟ್ಟಿದ್ದು 'ಹಾಫ್-ಲೈಫ್ 2' ಆಡುವಾಗ. 2004ರ ಗೇಮ್. ನಾನು ಆಡಿದ್ದು ಎಷ್ಟೋ ವರ್ಷ ತಡವಾಗಿ. ಶುರುವಿನ ಕಾಲುವೆಗಳ ಭಾಗದಲ್ಲಿ ಒಂದು ಸೀ-ಸಾ (ಏತಪಾತ) ಹಲಗೆ ಬರುತ್ತದೆ. ಒಂದು ತುದಿಯ ಮೇಲೆ ಕಾಂಕ್ರೀಟ್ ಬ್ಲಾಕ್‌ಗಳನ್ನು ಹೇರಿದರೆ ಇನ್ನೊಂದು ತುದಿ ಮೇಲೇಳುತ್ತದೆ, ಅಲ್ಲಿಂದ ಎತ್ತರಕ್ಕೆ ಹಾರಬಹುದು. ಮುಂದೆ ಇನ್ನೊಂದು ಕಡೆ ನೀರಿನ ಕೆಳಗೆ ಖಾಲಿ ಪೀಪಾಯಿಗಳನ್ನು ತುರುಕಿ ಇಳಿಜಾರು ಹಲಗೆಯನ್ನು ತೇಲಿಸಿ ಎತ್ತಬೇಕು. ಎಲ್ಲೂ 'ಇಲ್ಲಿ ಒತ್ತಿ' ಅಂತ ಬರೆದಿರುವುದಿಲ್ಲ. ಭಾರವಾದದ್ದು ಕೆಳಗೆ ಹೋಗುತ್ತದೆ, ಹಗುರವಾದದ್ದು ತೇಲುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಗೇಮ್ ಆಡಿ ಅಭ್ಯಾಸ ಇಲ್ಲದವರಿಗೂ ಇದು ಗೊತ್ತು.

ಅದಕ್ಕೂ ಹಿಂದಿನದು 1993ರ 'ದಿ ಇನ್‌ಕ್ರೆಡಿಬಲ್ ಮೆಷೀನ್'. ಚೆಂಡು, ಹಗ್ಗ, ರಾಟೆ, ಬಲೂನು, ಕತ್ತರಿ, ಗಾಲಿಯಲ್ಲಿ ಓಡುವ ಇಲಿ. ಇವನ್ನೆಲ್ಲ ಜೋಡಿಸಿ ಒಂದು ಸಣ್ಣ ಕೆಲಸ ಮಾಡಿಸಬೇಕು. ಗುರುತ್ವವನ್ನೂ ಗಾಳಿಯ ಒತ್ತಡವನ್ನೂ ಬದಲಾಯಿಸುವ ಅವಕಾಶ ಅದರಲ್ಲಿತ್ತು. ಇವತ್ತು ನೋಡಿದರೆ ಚಿತ್ರ ಸಾದಾ ಅನ್ನಿಸುತ್ತದೆ, ಆಟ ಮಾತ್ರ ಹಳೆಯದಾಗಿಲ್ಲ.

ಇನ್ನು ಕೆಲವು ಗೇಮ್‌ಗಳಿವೆ. ಕೋಣೆ ತುಂಬ ಕುರ್ಚಿ, ಪೆಟ್ಟಿಗೆ, ಏಣಿ ಇರುತ್ತವೆ, ಒಂದೂ ಅಲ್ಲಾಡುವುದಿಲ್ಲ. ಸುಮ್ನೆ ನೋಡಲಿಕ್ಕೆ ಇಟ್ಟದ್ದು. ಎದುರಿಗೆ ಮೊಣಕಾಲೆತ್ತರದ ಗೋಡೆ, ಪಕ್ಕದಲ್ಲೇ ಪೆಟ್ಟಿಗೆ, ಆದರೂ ದಾಟುವ ಹಾಗಿಲ್ಲ. ನನಗೆ ಅಲ್ಲಿ ಉಸಿರು ಕಟ್ಟುತ್ತದೆ. ಕೈಗೆ ಸಿಕ್ಕಿದ್ದನ್ನು ಎತ್ತಿ ನೋಡುವುದು ನನಗೆ ಆಟದ ಅರ್ಧ.

ಆಡುತ್ತ ಆಡುತ್ತ ಎಂಜಿನ್‌ನ, ಅಂದರೆ ಗೇಮ್‌ನೊಳಗೆ ವಸ್ತುಗಳ ಚಲನೆಯ ಲೆಕ್ಕ ಹಾಕುವ ಪ್ರೋಗ್ರಾಮ್‌ನ, ಸ್ವಭಾವವೂ ಸ್ವಲ್ಪ ಗೊತ್ತಾಗುತ್ತದೆ. ಫಿಸಿಕ್ಸ್ ಎಂಜಿನ್ ಜಗತ್ತನ್ನು ಬಿಡದೆ ನಡೆಸುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 30 ಅಥವಾ 60 ಹೆಜ್ಜೆ. ಒಂದು ವಸ್ತು ತುಂಬ ಜೋರಾಗಿ ಹೋದರೆ, ಒಂದು ಹೆಜ್ಜೆಯಲ್ಲಿ ತೆಳು ಗೋಡೆಯ ಈಚೆ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ ಆಚೆ ಇರುತ್ತದೆ. ನಡುವೆ ಗೋಡೆ ಇತ್ತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ತಡೆಯಲು ಮಾಡುವವರು ಬೇರೆ ಲೆಕ್ಕ ಹಾಕುತ್ತಾರೆ. ಆದರೂ ಅಪರೂಪಕ್ಕೆ ತೂರಿ ಹೋಗುತ್ತದೆ.

ಇನ್ನೊಂದು ಸಂಗತಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದೆ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೊದಲು ಸಣ್ಣಗೆ ನಡುಗುತ್ತವೆ. ಒಂದು ಇನ್ನೊಂದನ್ನು ಎಷ್ಟು ತಳ್ಳಬೇಕು ಅಂತ ಎಂಜಿನ್ ಮತ್ತೆ ಮತ್ತೆ ಲೆಕ್ಕ ಹಾಕಿ ಸರಿ ಉತ್ತರಕ್ಕೆ ಹತ್ತಿರ ಬರುತ್ತಿರುತ್ತದೆ. ಸ್ವಲ್ಪ ಹೊತ್ತು ಯಾವುದೂ ಅಲ್ಲಾಡದಿದ್ದರೆ ಎಂಜಿನ್ ಆ ವಸ್ತುಗಳನ್ನು 'ಮಲಗಿಸುತ್ತದೆ'. ಅಂದರೆ ಅವುಗಳ ಲೆಕ್ಕ ನಿಲ್ಲಿಸುತ್ತದೆ. ಮುಟ್ಟಿದರೆ ಏಳುತ್ತವೆ. ಇದು ತಿಳಿದ ಮೇಲೆ ನಾನು ಅವಸರ ಬಿಟ್ಟೆ. ಪೇರಿಸಿ, ಕಂಟ್ರೋಲರ್ ಮಡಿಲಲ್ಲಿಟ್ಟು ಕಾಯುತ್ತೇನೆ. ಮಲಗಿದ ಮೇಲೆ ಹತ್ತುತ್ತೇನೆ. ಮೊದಲು ಬೀಳುತ್ತಿದ್ದ ಎಷ್ಟೋ ಗೋಪುರಗಳು ಈಗ ನಿಲ್ಲುತ್ತವೆ.

ಮೋಸದ ಮಾತಿಗೆ ಬರುತ್ತೇನೆ. ಗೋಡೆಯೊಳಗೆ ತೂರಿ ಹೋಗುವುದು ನನಗೆ ಇಷ್ಟ ಇಲ್ಲ. ಅಲ್ಲಿ ಗೇಮ್ ತನ್ನ ನಿಯಮವನ್ನೇ ಮರೆತಿರುತ್ತದೆ. ಬಂಡೆಯ ಸನ್ನೆಕೋಲಿನಲ್ಲಿ ಗೇಮ್ ಯಾವ ನಿಯಮವನ್ನೂ ಮರೆತಿರಲಿಲ್ಲ. ಮಾಡಿದವರು ಅಲ್ಲಿ ಬಂಡೆ ಇಟ್ಟರು, ಬಂಡೆಗೆ ತೂಕ ಕೊಟ್ಟರು, ಅಂಟಿಸುವ ಶಕ್ತಿ ಕೊಟ್ಟರು. ನಾನು ಕೊಟ್ಟದ್ದನ್ನು ಬಳಸಿದೆ.

ಇದೇ ಸರಣಿಯ ಹಿಂದಿನ ಗೇಮ್ 'ಬ್ರೆತ್ ಆಫ್ ದಿ ವೈಲ್ಡ್' 2017ರದು. ಅದನ್ನು ಮಾಡಿದವರು ಆ ವರ್ಷ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಮಾತಾಡುವಾಗ, ಫಿಸಿಕ್ಸ್ ಎಂಜಿನ್ ಜೊತೆಗೆ ತಾವು 'ಕೆಮಿಸ್ಟ್ರಿ ಎಂಜಿನ್' ಅಂತ ಇನ್ನೊಂದನ್ನು ಕಟ್ಟಿದ್ದನ್ನು ವಿವರಿಸಿದರು. ಬೆಂಕಿ, ನೀರು, ವಿದ್ಯುತ್ತಿನಂಥವು ವಸ್ತುವಿನ ಸ್ಥಿತಿ ಬದಲಿಸಬಹುದು, ಒಂದನ್ನೊಂದು ಕೂಡ ಬದಲಿಸಬಹುದು. ಮರ, ಕಬ್ಬಿಣದಂಥ ವಸ್ತುಗಳು ಮಾತ್ರ ಒಂದರ ಸ್ಥಿತಿಯನ್ನು ಇನ್ನೊಂದು ಬದಲಿಸುವ ಹಾಗಿಲ್ಲ. ಮೂರೇ ನಿಯಮ. ಅದರಿಂದಲೇ ಆ ಗೇಮ್‌ನಲ್ಲಿ ನನ್ನ ಅತಿ ಪ್ರೀತಿಯ ಘಟನೆ ನಡೆಯಿತು. ಒಂದು ಬಾಗಿಲು ತೆರೆಯಲು ವಿದ್ಯುತ್ತು ಹರಿಯಬೇಕು, ನಡುವೆ ಜಾಗ ಖಾಲಿ ಇದೆ. ಅಲ್ಲಿಗೆ ತಂದಿಡಬೇಕಾದ ಕಬ್ಬಿಣದ ಪೆಟ್ಟಿಗೆ ನನಗೆ ಕಾಣಲೇ ಇಲ್ಲ. ಇದ್ದ ಎರಡು ಕತ್ತಿ, ಒಂದು ಗುರಾಣಿ ಎಲ್ಲ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟೆ. ಒಂದಕ್ಕೊಂದು ತಾಗುವ ಹಾಗೆ. ಕಬ್ಬಿಣ ಕಬ್ಬಿಣವೇ, ಕತ್ತಿಯಾದರೇನು ಪೆಟ್ಟಿಗೆಯಾದರೇನು? ಬಾಗಿಲು ತೆರೆಯಿತು. ಬರಿಗೈಯಲ್ಲಿ ನಿಂತು ನಾನು ಜೋರಾಗಿ ಕೂಗಿದ್ದು ನೆನಪಿದೆ.

ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಅವನಿಗೆ ಮಾಡಿದವರು ಯೋಚಿಸಿಟ್ಟ ಉತ್ತರವೇ ಬೇಕು, ಅದರ ಅಂದವೇ ಬೇರೆ ಅನ್ನುತ್ತಾನೆ. ಅದೂ ನಿಜ. ಲಿಂಕ್ ಅಲ್ಟ್ರಾಹ್ಯಾಂಡ್ ಕಲಿಯುವ ಮೊದಲ ದೇಗುಲದಲ್ಲಿ ಒಂದು ಕಂದಕಕ್ಕೆ ಒಂದು ಹಲಗೆ ಸಾಕು, ಮುಂದಿನದಕ್ಕೆ ಎರಡನ್ನು ಅಂಟಿಸಬೇಕು, ಆಮೇಲೆ ಕೊಕ್ಕೆ ಹಾಕಿ ಕಂಬಿಯ ಮೇಲೆ ಜಾರಬೇಕು. ಹೆಚ್ಚು ಮಾತಾಡದೆ ಎಷ್ಟು ಚೆನ್ನಾಗಿ ಹೇಳಿಕೊಡುತ್ತಾರೆ! ಆದರೆ ಅಲ್ಲಿ ಕಲಿತದ್ದನ್ನು ಹೊರಗೆ ಬಂದು ಬೇರೆ ಥರ ಬಳಸಬಾರದು ಅಂತ ಯಾರೂ ಹೇಳಲಿಲ್ಲವಲ್ಲ.

ಮುಂದೆ ರೀಕಾಲ್ ಅನ್ನುವ ಶಕ್ತಿ ಸಿಗುತ್ತದೆ. ವಸ್ತು ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ಹಲಗೆಯನ್ನು ಎತ್ತರಕ್ಕೆ ಎತ್ತಿ, ಕೆಳಗಿಳಿಸಿ, ಅದರ ಮೇಲೆ ನಿಂತು ರೀಕಾಲ್ ಮಾಡಿದರೆ ಹಲಗೆ ನಮ್ಮನ್ನು ಹೊತ್ತು ಮೇಲೇರುತ್ತದೆ. ಲಿಫ್ಟ್ ತಯಾರು. ಇದನ್ನು ತೋರಿಸಿದಾಗ ಅವನು ಮೋಸ ಅನ್ನಲಿಲ್ಲ. "ಇನ್ನೊಂದ್ ಸಲ ಮಾಡು," ಅಂದ.

ಈಗ ನಿಂತಿರುವುದು ಒಂದು ಬಂಡೆಗೋಡೆಯ ಬುಡದಲ್ಲಿ. ಮಳೆ ಬರುತ್ತಿದೆ, ಹತ್ತಿದರೆ ಜಾರುತ್ತದೆ. ಹತ್ತಿರ ಇರುವುದು ಒಂದು ದೊಡ್ಡ ಗಾಲಿ, ಎರಡು ಉದ್ದ ಹಲಗೆ. ಮಳೆ ನಿಲ್ಲಲಿ ಅನ್ನುವುದು ತಮ್ಮನ ಸಲಹೆ. ನನ್ನ ತಲೆಯಲ್ಲಿ ಬೇರೆ ಓಡುತ್ತಿದೆ. ಗಾಲಿಯನ್ನು ನೆಲಕ್ಕೆ ತಾಗದ ಹಾಗೆ ಒಂದು ಹಲಗೆಯ ಬದಿಗೆ ಅಂಟಿಸಬೇಕು. ಇನ್ನೊಂದು ಹಲಗೆಯನ್ನು ಗಾಲಿಗೇ ಅಂಟಿಸಬೇಕು. ಗಾಲಿ ತಿರುಗಿದರೆ ಆ ಹಲಗೆ ಕೈಯ ಹಾಗೆ ಮೇಲೇಳಬೇಕು, ಅದರ ತುದಿಯಲ್ಲಿ ಲಿಂಕ್. ಕೆಳಗಿನ ಹಲಗೆ ಮಗುಚಿಕೊಳ್ಳದ ಹಾಗೆ ಏನಾದರೂ ಭಾರ ಬೇಕು. ಸುತ್ತ ಒಂದೂ ಬಂಡೆ ಇಲ್ಲ. ಸ್ವಲ್ಪ ಹಿಂದೆ ದಾರಿಯಲ್ಲಿ ಒಂದನ್ನು ನೋಡಿದ ಹಾಗೆ ನೆನಪು. ಇವತ್ತು ರಾತ್ರಿ ಹೋಗಿ ತರುತ್ತೇನೆ.