‘ಫಿಕ್ಸ್’ ಅಂತ ಬರೆದವನು ನಾನೇ

13 ಜೂನ್ 2024, ಗುರುವಾರ, ರಾತ್ರಿ 11.20

ಬೆಳಿಗ್ಗೆ ಇನ್ನೂ ಕಾಫಿ ಕುಡಿದಿರಲಿಲ್ಲ, ನೀರಿನ ಕ್ಯಾನ್ ಅಂಗಡಿಯವರ ಫೋನ್. "ಸಾರ್, ನಮ್ ಹುಡುಗ ಹಾಕಿರೋದು ನಾಲ್ಕು ಕ್ಯಾನು, ನಿಮ್ ಆಪು ಎಂಟು ತೋರಿಸ್ತೈತೆ. ಅಪಾರ್ಟ್‌ಮೆಂಟ್‌ನೋರು ನನ್ನೇ ಕಳ್ಳ ಅಂತಾವ್ರೆ." ಏನು ಹೇಳುವುದು? ನೋಡಿ ಹೇಳ್ತೀನಿ ಅಂದೆ.

ನಮ್ಮದು ಆರು ಜನರ ಟೀಮ್. 20 ಲೀಟರ್ ಕ್ಯಾನ್ ಹಾಕುವ ಅಂಗಡಿಗಳಿಗೆ ಲೆಕ್ಕದ ಆಪ್ ಮಾಡಿಕೊಡುತ್ತೇವೆ. ಕ್ಯಾನ್ ಇಳಿಸಿದ ಹುಡುಗ ಫೋನಿನಲ್ಲಿ ಮನೆ ನಂಬರು, ಎಷ್ಟು ಕ್ಯಾನು ಅಂತ ಒತ್ತುತ್ತಾನೆ, ತಿಂಗಳ ಕೊನೆಗೆ ಬಿಲ್ ಆಗುತ್ತದೆ. ಅಷ್ಟೇ.

ಡೇಟಾಬೇಸ್ ತೆಗೆದು ನೋಡಿದೆ. ಒಂದೇ ಮನೆ, ಒಂದೇ ಹುಡುಗ, 4 ಕ್ಯಾನ್. 10.14.07ಕ್ಕೆ ಒಂದು ಸಾಲು, 10.14.38ಕ್ಕೆ ಇನ್ನೊಂದು. ಇಂಥವೇ ಸಾಲು ಸಾಲು, ಹೆಚ್ಚುಕಮ್ಮಿ ಎಲ್ಲಾ ಬೇಸ್‌ಮೆಂಟ್ ಇರುವ ಅಪಾರ್ಟ್‌ಮೆಂಟ್‌ಗಳದ್ದೇ. ಬೇಸ್‌ಮೆಂಟ್‌ನಲ್ಲಿ ನೆಟ್‌ವರ್ಕ್ ನಿಲ್ಲೋದಿಲ್ಲ. ಆಪ್ ಕಳಿಸಿದ ಎಂಟ್ರಿ ಸರ್ವರ್‌ಗೆ ತಲುಪಿರುತ್ತದೆ, ಆದರೆ ‘ಸಿಕ್ಕಿತು’ ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಲೈನ್ ಹೋಗಿರುತ್ತದೆ, 30 ಸೆಕೆಂಡ್ ಕಾದು ಆಪ್ ಅದನ್ನೇ ಮತ್ತೆ ಕಳಿಸುತ್ತದೆ. ಪಾಪ, ಅದರ ತಪ್ಪೇನಿಲ್ಲ. ಊರಿಗೆ ಕಾಗದ ಹಾಕಿ ಉತ್ತರ ಬರದಿದ್ದರೆ, ಕಾಗದವೇ ತಲುಪಲಿಲ್ಲವೋ ಉತ್ತರ ದಾರಿಯಲ್ಲಿ ಕಳೆಯಿತೋ ಅಂತ ಇಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಆದರೆ ಬೇಸ್‌ಮೆಂಟ್ ನಿನ್ನೆ ಮೊನ್ನೆ ಬಂದಿದ್ದಲ್ಲವಲ್ಲ. ಇಷ್ಟು ವರ್ಷ ಇಲ್ಲದ್ದು ಈ ವಾರ ಯಾಕೆ?

ಹಿಂದಿನ ವಾರದ ಬದಲಾವಣೆಗಳನ್ನು ಒಂದೊಂದಾಗಿ ತೆರೆದೆ. ಏಪ್ರಿಲ್‌ನಲ್ಲಿ ಟೀಮಿಗೆ ಸೇರಿದ ಹುಡುಗಿ ಒಂದು ಷರತ್ತನ್ನು ಕಿತ್ತು ಹಾಕಿದ್ದಳು. ಅದು ಹೇಳುತ್ತಿದ್ದದ್ದು ಇಷ್ಟು: ಅದೇ ಮನೆ, ಅದೇ ಹುಡುಗ, ಅಷ್ಟೇ ಕ್ಯಾನ್, 90 ಸೆಕೆಂಡ್ ಒಳಗೆ ಬಂದರೆ ಎರಡನೆಯದನ್ನು ಬಿಟ್ಟುಬಿಡು. ಅವಳು ಸುಮ್ನೆ ಕಿತ್ತಿರಲಿಲ್ಲ. ಒಂದು ಪಿಜಿಯಲ್ಲಿ ಮೊದಲ ಮಹಡಿಗೆ ಎರಡು, ಎರಡನೇ ಮಹಡಿಗೆ ಎರಡು ಅಂತ ಹುಡುಗ ಬೇರೆ ಬೇರೆ ಒತ್ತುತ್ತಿದ್ದ, ಎರಡನೆಯದು ಲೆಕ್ಕಕ್ಕೇ ಬರುತ್ತಿರಲಿಲ್ಲ. ದೂರು ನಿಜವಾದದ್ದೇ. ಷರತ್ತಿನ ಪಕ್ಕ ಯಾಕೆ ಅಂತ ಹೇಳುವ ಕಾಮೆಂಟ್ ಇಲ್ಲ, ಕಿತ್ತರೆ ಎಚ್ಚರಿಸುವ ಒಂದು ಟೆಸ್ಟ್ ಇಲ್ಲ. ಯಾರು ಬರೆದದ್ದು ಅಂತ ಇತಿಹಾಸ ತೆಗೆದರೆ, 2021 ಮೇ 18, ರಾತ್ರಿ 11.52, ಕಮಿಟ್ ಮೆಸೇಜ್, ಅಂದರೆ ಬದಲಾವಣೆಯ ಜೊತೆ ಬರೆದಿಡುವ ಟಿಪ್ಪಣಿ, ಬರೀ ‘ಫಿಕ್ಸ್’. ಬರೆದವನು ನಾನೇ.

ಲಾಕ್‌ಡೌನ್ ಕಾಲ, ಆಗಲೂ ಇದೇ ಡಬಲ್ ಎಂಟ್ರಿ ಬಂದಿತ್ತು, ನಿದ್ದೆಗಣ್ಣಿನಲ್ಲಿ ತೇಪೆ ಹಾಕಿ ಮಲಗಿದ್ದೆ. ಅವಳು ಕಿತ್ತದ್ದನ್ನು ರಿವ್ಯೂ ಮಾಡಿ ಅಪ್ರೂವ್ ಕೊಟ್ಟವನೂ ನಾನೇ, ಮೆಟ್ರೋದಲ್ಲಿ ನಿಂತುಕೊಂಡು, ಫೋನಿನಲ್ಲಿ, ಎರಡೇ ನಿಮಿಷದಲ್ಲಿ. ನಾನು ಬರೆದ ಕೋಡ್ ನನಗೇ ಗುರುತು ಸಿಗಲಿಲ್ಲ!

ಅವಳ ಮುಖ ಬಾಡಿಹೋಗಿತ್ತು. "ಸಾರಿ ಸರ್, ಕೇಳಬೇಕಿತ್ತು" ಅಂದಳು. ಯಾರನ್ನು ಕೇಳಬೇಕಿತ್ತು ತಾಯಿ, ನನ್ನನ್ನೇ ತಾನೇ? ಕೇಳಿದ್ದರೆ ನಾನೂ ತೆಗಿ ಅಂತಲೇ ಹೇಳುತ್ತಿದ್ದೆ.

ಟೀ ಕುಡಿಯುವಾಗ, ಹಾಗಾದರೆ ಅರ್ಥವಾಗದ ಕೋಡನ್ನು ಮುಟ್ಟದೆ ಬಿಡುವುದೇ ಒಳ್ಳೆಯದಾ ಅಂತ ಕೇಳಿದಳು. ಅದೂ ಅಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಕಥೆ ಹೇಳಿದೆ. ಷೇರು ವ್ಯಾಪಾರದ ಕಂಪನಿ. 2003ರಲ್ಲೇ ಬಳಸುವುದು ನಿಲ್ಲಿಸಿದ ಕೋಡನ್ನು ತೆಗೆಯದೆ ಹಾಗೇ ಇಟ್ಟಿದ್ದರು. 2012ರಲ್ಲಿ ಹೊಸ ಕೋಡ್ ಹಾಕುವಾಗ, ಆ ಹಳೇ ಕೋಡನ್ನು ಚಾಲೂ ಮಾಡುತ್ತಿದ್ದ ಫ್ಲ್ಯಾಗನ್ನೇ (ಆನ್-ಆಫ್ ಸ್ವಿಚ್ಚಿನಂಥದ್ದು) ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಯಿತು, ಒಂದಕ್ಕೆ ಹೋಗಲಿಲ್ಲ, ಅದನ್ನು ಇನ್ನೊಬ್ಬರು ನೋಡಿ ಖಚಿತ ಮಾಡುವ ಪದ್ಧತಿಯೂ ಇರಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಆ ಎಂಟನೆಯದರಲ್ಲಿ ಸತ್ತ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸಿತು. ಸುಮಾರು 45 ನಿಮಿಷ. ನಷ್ಟ 44 ಕೋಟಿ ಡಾಲರ್‌ಗಿಂತ ಜಾಸ್ತಿ. ಅವರು ಬೇಡದ್ದನ್ನು ಇಟ್ಟುಕೊಂಡು ಹಾಳಾದರು, ನಾವು ಬೇಕಾದ್ದನ್ನು ಕಿತ್ತುಕೊಂಡೆವು. ನಮ್ಮ ನಷ್ಟ ಕ್ಯಾನ್ ಲೆಕ್ಕದಲ್ಲಿತ್ತು, ಪುಣ್ಯ.

ಮಧ್ಯಾಹ್ನವೆಲ್ಲಾ ಇದರ ಮೇಲೇ ಕೂತೆವು. ಆ 90 ಸೆಕೆಂಡ್ ಅನ್ನೋದೇ ಊಹೆ. ಎರಡು ಎಂಟ್ರಿ ಒಂದೇ ಥರ ಇದ್ದರೆ ಒಂದೇ ಕೆಲಸ ಅಂದುಕೊಳ್ಳುವುದು ತಪ್ಪು, ಪಿಜಿಯವರು ಅದನ್ನೇ ತೋರಿಸಿಕೊಟ್ಟರು. ಸರಿಯಾದ ದಾರಿ ಬೇರೆ: ಹುಡುಗ ಬಟನ್ ಒತ್ತಿದ ಕ್ಷಣವೇ ಫೋನ್ ಒಂದು ಹೊಸ ನಂಬರ್ ಹುಟ್ಟಿಸಬೇಕು, ಎಷ್ಟು ಸಲ ಕಳಿಸಿದರೂ ಅದೇ ನಂಬರ್ ಹೋಗಬೇಕು. ಅದೇ ನಂಬರ್ ಮತ್ತೆ ಬಂದರೆ ಸರ್ವರ್ ಎರರ್ ಕೊಡಬಾರದು, ಮೊದಲ ಸಲ ಕೊಟ್ಟ ಉತ್ತರವನ್ನೇ ಕೊಡಬೇಕು. ಎರರ್ ಕೊಟ್ಟರೆ ಹುಡುಗ ಗಾಬರಿಯಾಗಿ ಹೊಸದಾಗಿ ಒತ್ತುತ್ತಾನೆ, ಅಲ್ಲಿಗೆ ಮುಗೀತು.

ಅವಳು ಮೊದಲು ಕೋಡಿನಲ್ಲೇ ‘ಇದೆಯಾ ನೋಡು, ಇಲ್ಲದಿದ್ದರೆ ಸೇರಿಸು’ ಅಂತ ಬರೆದಳು. ಎರಡೂ ಒಟ್ಟಿಗೆ ಬಂದರೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ ನಕ್ಕಳು: ಎರಡೂ ನೋಡುತ್ತವೆ, ಎರಡಕ್ಕೂ ಇಲ್ಲ ಅಂತ ಕಾಣುತ್ತದೆ, ಎರಡೂ ಸೇರಿಸುತ್ತವೆ. ಹಾಗಾಗಿ ಕಾವಲು ಡೇಟಾಬೇಸ್‌ನಲ್ಲೇ, ಆ ನಂಬರ್ ಇಡುವ ಕಾಲಮ್ಮಿಗೆ ಯೂನಿಕ್ ಇಂಡೆಕ್ಸ್, ಅಂದರೆ ಒಂದೇ ನಂಬರ್ ಎರಡು ಸಲ ಸೇರಲು ಬಿಡದ ಕಟ್ಟು. ಹಳೇ ಆಪ್ ಇರುವ ಫೋನ್‌ಗಳು ಇನ್ನೂ ಕೆಲವು ವಾರ ನಂಬರ್ ಕಳಿಸುವುದಿಲ್ಲ, ಆದ್ದರಿಂದ ಕಾಲಮ್ ಸದ್ಯಕ್ಕೆ ಖಾಲಿ ಇರಬಹುದು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಯೂನಿಕ್ ಕಾಲಮ್ಮಿನಲ್ಲೂ ನಲ್, ಅಂದರೆ ಖಾಲಿ ಜಾಗ, ಎಷ್ಟು ಬೇಕಾದರೂ ಇರಬಹುದು, ಅದು ಇಲ್ಲಿ ಅನುಕೂಲಕ್ಕೇ ಬಂತು. ಮೊದಲು ಕಾಲಮ್, ಆಮೇಲೆ ಸರ್ವರ್, ಕೊನೆಗೆ ಆಪ್. ಹಿಂದುಮುಂದು ಮಾಡುವ ಹಾಗಿಲ್ಲ. ನಂಬರ್ ಇಲ್ಲದೆ ಬಂದ ಎಂಟ್ರಿಗೆ ಮಾತ್ರ ನನ್ನ ಹಳೇ ತೇಪೆ, ಅದನ್ನು ಇವತ್ತು ಸಂಜೆಯೇ ವಾಪಸ್ ಹಾಕಿದೆವು. ಪಿಜಿಯವರಿಗೆ ಅಷ್ಟು ದಿನ ಎಲ್ಲಾ ಮಹಡಿಯದ್ದೂ ಒಂದೇ ಸಲ ಒತ್ತಿ ಅಂತ ಹೇಳಬೇಕು.

ಈ ಸಲ ಕಾರಣವನ್ನು ಕೋಡಿನ ಜೊತೆಗೇ ಇಟ್ಟಿದ್ದೇವೆ. ಹೀಗೆ ನಿರ್ಧಾರಗಳನ್ನು ಪುಟ್ಟ ಪುಟ್ಟ ಫೈಲುಗಳಾಗಿ ಬರೆದಿಡುವ ಪದ್ಧತಿಯ ಬಗ್ಗೆ ಸಾಫ್ಟ್‌ವೇರ್ ಲೇಖಕ ಮೈಕೆಲ್ ನೈಗಾರ್ಡ್ 2011ರಲ್ಲೇ ಬರೆದಿದ್ದರು. ನಾನು ಓದಿ, ಹೌದು ಹೌದು ಅಂತ ತಲೆ ಆಡಿಸಿ, ಮಾಡದೆ ಬಿಟ್ಟಿದ್ದೆ. ನಮ್ಮ ಮೊದಲ ಫೈಲ್ ಅವಳೇ ಬರೆದಳು:

"ಬೇಸ್‌ಮೆಂಟ್‌ನಲ್ಲಿ ಉತ್ತರ ಕಳೆದುಹೋಗಿ ಆಪ್ ಅದೇ ಎಂಟ್ರಿ ಮತ್ತೆ ಕಳಿಸುತ್ತದೆ. ಬಟನ್ ಒತ್ತಿದ ಪ್ರತಿ ಸಲಕ್ಕೂ ಒಂದು ನಂಬರ್, ಕಾವಲು ಡೇಟಾಬೇಸ್‌ನಲ್ಲಿ. 90 ಸೆಕೆಂಡ್ ಷರತ್ತು ಹಳೇ ಆಪ್‌ಗೆ ಮಾತ್ರ, ಅದರಿಂದ ಪಿಜಿಗಳ ಲೆಕ್ಕ ತಪ್ಪಬಹುದು, ಗೊತ್ತಿದ್ದೇ ಇಟ್ಟಿದ್ದೇವೆ. ಹಳೇ ಆಪ್‌ನಿಂದ 30 ದಿನ ಒಂದೂ ಎಂಟ್ರಿ ಬರದಿದ್ದರೆ ಕಿತ್ತು ಹಾಕಿ, ಯಾರನ್ನೂ ಕೇಳಬೇಕಿಲ್ಲ."

ಆ ಕೊನೇ ಸಾಲು ನನಗೆ ಹೊಳೆಯುತ್ತಿರಲಿಲ್ಲ.

ಉಳಿದದ್ದು ಆಗಲೇ ಸೇರಿಬಿಟ್ಟಿದ್ದ ಡಬಲ್ ಸಾಲುಗಳು. 143 ಇದ್ದವು. ಯಾವುದು ಬೇಸ್‌ಮೆಂಟ್, ಯಾವುದು ನಿಜವಾಗಿ ಎರಡು ಸಲ ಇಳಿಸಿದ್ದು ಅಂತ ಡೇಟಾ ನೋಡಿ ಹೇಳೋಕೆ ಆಗಲ್ಲ. ಅಂಗಡಿಯವರಿಗೆ ಫೋನ್ ಮಾಡಿ, ಏನಾದರೂ ಬರೆದಿಟ್ಟಿದ್ದೀರಾ ಅಂತ ಅಂಜುತ್ತಲೇ ಕೇಳಿದೆ. "ಇಲ್ದೆ ಏನು ಸಾರ್, ನಿಮ್ ಆಪ್ ನಂಬ್ಕೊಂಡು ಪುಸ್ತಕ ಬಿಡಕ್ಕಾಯ್ತದಾ?" ಅಂದರು. ಅವರು ಪುಟ ತಿರುವುತ್ತಾ ಓದಿದರು, ನಾನು ಅಳಿಸುತ್ತಾ ಹೋದೆ. ಮುಗಿಯುವಾಗ ಒಂಬತ್ತೂವರೆ.