ಹೋಟೆಲಿನವರು ಉಣ್ಣುವ ಹೊತ್ತು

ನನ್ನ ದೊಡ್ಡಪ್ಪಯ್ಯ 1965ರಲ್ಲಿ, ತಮ್ಮ ಹದಿಮೂರನೆಯ ವಯಸ್ಸಿನಲ್ಲಿ, ಕುಂದಾಪುರದ ಬಳಿಯ ನಮ್ಮ ಊರಿನಿಂದ ಮುಂಬಯಿಗೆ ಹೋಗಿ ಫೋರ್ಟ್ ಭಾಗದ ಉಡುಪಿ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದವರು. ಕ್ಲೀನರ್ ಆಗಿದ್ದವರು ಸಪ್ಲಾಯರ್ ಆದರು, ಕೊನೆಗೆ ಗಲ್ಲೆಯ ಮೇಲೆ ಕುಳಿತರು. ನಲವತ್ತೇಳು ವರ್ಷ ಬೇರೆ ಬೇರೆ ಹೋಟೆಲುಗಳಲ್ಲಿ ದುಡಿದು ಈಗ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ದೊಡ್ಡಮ್ಮನೊಂದಿಗೆ ಇದ್ದಾರೆ. ಕಳೆದ ಶ್ರಾವಣದಲ್ಲಿ ಕಚೇರಿಯ ಕೆಲಸಕ್ಕೆಂದು ಮುಂಬಯಿಗೆ ಹೋದ ನಾನು ಒಂದು ಶನಿವಾರ ಬಿಡುವು ಮಾಡಿಕೊಂಡು, ನಗರದ ಹೆಸರಾಂತ ತಿಂಡಿಯ ಜಾಗಗಳನ್ನು ಅವರೊಂದಿಗೆ ಸುತ್ತಬೇಕೆಂದು ಒಂದು ಪಟ್ಟಿಯನ್ನೇ ಬರೆದುಕೊಂಡು ಹೋಗಿದ್ದೆ. ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ ಅವರು, ಇದರಲ್ಲಿ ಎಲ್ಲ ಜಾಗವೂ ತನಗೆ ಗೊತ್ತು, ಆದರೆ ಹೆಚ್ಚಿನ ಕಡೆ ಒಳಗೆ ಹೋಗಿ ಕುಳಿತದ್ದಿಲ್ಲ ಎಂದರು. “ಹೋಟ್ಲಂಗೆ ಇದ್ದವ್ರಿಗೆ ಹೋಟ್ಲ್ ಕಾಂಬುಕ್ ಆತಿಲ್ಲೆ ಮಗಾ.”

ಬೆಳಗಿನ ಆರೂಕಾಲರ ಲೋಕಲ್ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದು, ಸಣ್ಣ ಮಳೆಯಲ್ಲಿ ಧೋಬಿ ತಲಾವ್ ಕಡೆಗೆ ನಡೆದೆವು. ಮೆಟ್ರೋ ಚಿತ್ರಮಂದಿರದ ಎದುರಿನ ಜೇರ್ ಮಹಲ್ ಕಟ್ಟಡದಲ್ಲಿರುವ ಕಯಾನಿ ಇರಾನಿ ಹೋಟೆಲು 1904ರಷ್ಟು ಹಳೆಯದು. ಎತ್ತರದ ಛಾವಣಿ, ಬಾಗಿದ ಬೆನ್ನಿನ ಕಪ್ಪು ಮರದ ಕುರ್ಚಿಗಳು, ಚೌಕುಳಿ ಬಟ್ಟೆ ಹಾಸಿದ ಮೇಜುಗಳು, ಗಾಜಿನ ಭರಣಿಗಳಲ್ಲಿ ಬಿಸ್ಕತ್ತು. ಇರಾನಿನ ಯಜ್ದ್ ಮತ್ತು ಕೆರ್ಮಾನ್ ಪ್ರಾಂತಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯ ಶತಮಾನದ ಮೊದಲಿಗೂ ಬಂದ ಜರತುಷ್ಟ್ರ ಮತದ ಜನ ಇಂಥ ಹೋಟೆಲುಗಳನ್ನು ಕಟ್ಟಿದರು. ರಸ್ತೆ ಮೂಲೆಯ ಅಂಗಡಿ ಶುಭವಲ್ಲವೆಂದು ಇತರ ವ್ಯಾಪಾರಿಗಳು ಹಿಂಜರಿದದ್ದರಿಂದ ಆ ಜಾಗಗಳು ಇವರಿಗೆ ಸಿಕ್ಕವು ಎಂಬ ಮಾತು ಮುಂಬಯಿಯಲ್ಲಿ ಇಂದಿಗೂ ಇದೆ. ನಾವು ಬ್ರುನ್ ಮಸ್ಕಾ ಮತ್ತು ಚಹಾ ಹೇಳಿದೆವು. ಹೊರಗೆ ಗಟ್ಟಿಯಾಗಿ, ಒಳಗೆ ಮೆತ್ತಗೆ ಇರುವ ಆ ಪಾವನ್ನು ಬೆಣ್ಣೆ ಸವರಿದ ಹಾಗೆಯೇ ಬಿಸಿ ಚಹಾದಲ್ಲಿ ಅದ್ದಿದಾಗ, ಬೆಣ್ಣೆ ಕರಗಿ ಚಹಾದ ಮೇಲೆ ಸಣ್ಣ ಸಣ್ಣ ಹೊಂಬಣ್ಣದ ಚುಕ್ಕೆಗಳಾಗಿ ತೇಲುತ್ತದೆ. ಉಪ್ಪು, ಸಿಹಿ ಮತ್ತು ಹಾಲಿನ ಒಗರು ಒಂದೇ ತುತ್ತಿನಲ್ಲಿ ಬರುವ ಆ ರುಚಿಗಾಗಿ ನಾನು ಮುಂಬಯಿಯ ಯಾವ ತಿಂಡಿಯನ್ನೂ ಬಿಟ್ಟುಕೊಡಬಲ್ಲೆ.

ದೊಡ್ಡಪ್ಪಯ್ಯನಿಗೆ ರುಚಿಗಿಂತ ಮುಖ್ಯವಾಗಿ ನೆನಪಾದದ್ದು ಇರಾನಿ ಹೋಟೆಲಿನ ಸಮಯ. ವಾರದ ರಜೆಯ ಮಧ್ಯಾಹ್ನ ಹೋಟೆಲಿನ ಹುಡುಗರು ನಾಲ್ಕು ಜನ ಸೇರಿ ಇಂಥ ಕಡೆ ಎರಡು ಚಹಾ ಹೇಳಿ ಒಂದು ಗಂಟೆ ಕುಳಿತರೂ ಯಾರೂ ಎಬ್ಬಿಸುತ್ತಿರಲಿಲ್ಲವಂತೆ. ತಾವು ದುಡಿಯುತ್ತಿದ್ದ ಹೋಟೆಲಿನಲ್ಲಿ ಗಿರಾಕಿಯ ಕೊನೆಯ ತುತ್ತು ಬಾಯಿಗೆ ಹೋಗುವ ಹೊತ್ತಿಗೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲಬೇಕಾಗಿತ್ತು. ಟೇಬಲ್ ಎಷ್ಟು ಸಲ ಖಾಲಿಯಾಗಿ ತುಂಬುತ್ತದೆ ಎನ್ನುವುದರ ಮೇಲೆಯೇ ಅಗ್ಗದ ಇಡ್ಲಿಯ ಲೆಕ್ಕ ನಿಂತಿತ್ತು. ಇದೇ ಜೇರ್ ಮಹಲಿನ ಮೇಲಂತಸ್ತುಗಳಲ್ಲಿ ಗೋವಾದ ಹಳ್ಳಿಗಳವರು ತಮ್ಮ ತಮ್ಮ ಊರಿನ ಹೆಸರಿನಲ್ಲಿ ನಡೆಸುವ ಕೂಡ್ ಎಂಬ ವಸತಿಗಳಿದ್ದು, ಹಡಗಿನ ಕೆಲಸಕ್ಕೆ ಹೋಗುವ ಗಂಡಸರು ತಮ್ಮ ಪೆಟ್ಟಿಗೆ ಇಟ್ಟು ಅಲ್ಲಿ ತಂಗುತ್ತಿದ್ದರು. ಪಾವ್ ಎಂಬ ಪದ ಪೋರ್ಚುಗೀಸರದು. ಅದನ್ನು ಗೋವಾದ ಬೇಕರಿಯವರು ಮುಂಬಯಿಗೆ ತಂದರು. ಒಂದೇ ಕಟ್ಟಡದಲ್ಲಿ ಮೇಲೆ ಗೋವಾದವರ ಹಾಸಿಗೆ, ಕೆಳಗೆ ಇರಾನಿಗಳ ಚಹಾ, ಎದುರಿಗೆ ಕುಂದಾಪುರದ ನಾವು. ಮನೆ ಮತ್ತು ಅಡುಗೆಮನೆ ಎರಡನ್ನೂ ದೂರದಲ್ಲಿ ಬಿಟ್ಟು ಬಂದವರಿಗಾಗಿಯೇ ಈ ನಗರದ ಹೊರಗಿನ ಊಟವೆಲ್ಲ ಹುಟ್ಟಿತೆಂದು ನನಗೆ ಅಲ್ಲಿ ಕುಳಿತಾಗ ಅನ್ನಿಸಿತು. ಆ ಮೇಲೆ ದಿನವಿಡೀ ಕಂಡದ್ದನ್ನೆಲ್ಲ ಅದೇ ಕಣ್ಣಿನಿಂದ ನೋಡಿದೆ.

ಅಲ್ಲಿಂದ ಫೋರ್ಟ್‌ನ ಒಂದು ಓಣಿಗೆ ಕರೆದುಕೊಂಡು ಹೋದರು. ಅವರು ಮೊದಲು ಸೇರಿದ ಹೋಟೆಲು ಈಗಿಲ್ಲ; ಆ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುವ ಮೂರು ಸಣ್ಣ ಅಂಗಡಿಗಳಿವೆ. ಒಳಗಿನ ಗೋಡೆಯ ಕಡೆ ಕೈ ತೋರಿಸಿ, ಅಲ್ಲಿ ಕಲ್ಲಿನ ಒರಳುಗಳು ಇದ್ದವೆಂದೂ, ಇಡ್ಲಿ ಹಿಟ್ಟನ್ನು ರುಬ್ಬುವ ಇಬ್ಬರು ಗಟ್ಟಿಗರು ಬೈಂದೂರು ಕಡೆಯವರೆಂದೂ, ಬೆಳಗ್ಗೆ ಐದಕ್ಕೆ ಬಾಗಿಲು ತೆರೆಯಬೇಕಾದ್ದರಿಂದ ಭಟ್ಟರು ಮೂರೂವರೆಗೇ ಒಲೆ ಹೊತ್ತಿಸುತ್ತಿದ್ದರೆಂದೂ ಹೇಳಿದರು. ಕೊಂಕಣ ರೈಲು ಇಲ್ಲದ ಕಾಲ. ಘಟ್ಟ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿ ಬಸ್ಸಿನಲ್ಲಿ ಬಂದಿಳಿದ ಹುಡುಗನಿಗೆ ಹೋಟೆಲೇ ಮನೆಯಾಯಿತು. ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲುಗಳನ್ನು ಒಂದಕ್ಕೊಂದು ಜೋಡಿಸಿ ಅದರ ಮೇಲೆ ಚಾಪೆ ಹಾಸಿ ಮಲಗುವುದು, ನೆಲದಲ್ಲಿ ಮಲಗುವವರಿಗೆ ಬೆಳಗಿನ ಜಾವ ನೀರು ಹರಿಯುವ ಮೊದಲೇ ಏಳುವುದು. ಸಪ್ಲಾಯರ್ ಆದ ಮೇಲೆ ಹತ್ತು ಟೇಬಲಿನ ಬೇಡಿಕೆಯನ್ನು ಕಾಗದವಿಲ್ಲದೆ ನೆನಪಿಟ್ಟು ಅಡುಗೆಮನೆಗೆ ಕೂಗಿ, ಗಿರಾಕಿ ಎದ್ದು ಹೊರಡುವಾಗ ಅವನ ಹಿಂದಿನಿಂದಲೇ ಲೆಕ್ಕವನ್ನು ಗಲ್ಲೆಗೆ ಕೂಗಿ ಹೇಳಬೇಕಾಗಿತ್ತು. ತಪ್ಪಿದರೆ ಸಂಬಳದಲ್ಲಿ ಮುರಿತ.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಾನು ಓದಿದ್ದೆ. ಆದರೆ ಅಲ್ಲಿ ಕಲಿತವರೊಬ್ಬರ ಬಾಯಿಂದ, ಅವರು ನಡೆದ ಓಣಿಯಲ್ಲೇ ನಿಂತು ಕೇಳುವುದು ಬೇರೆಯೇ ಆಗಿತ್ತು. ಹಗಲು ಹೋಟೆಲಿನಲ್ಲಿ ದುಡಿದ ನಮ್ಮ ಜಿಲ್ಲೆಯ ಸಾವಿರಾರು ಹುಡುಗರು ಸಂಜೆ ಕೈಕಾಲು ತೊಳೆದು, ಇದ್ದ ಒಂದೇ ಒಳ್ಳೆಯ ಅಂಗಿ ತೊಟ್ಟು ಆ ಶಾಲೆಗಳಿಗೆ ಹೋಗಿ ಕಲಿತರು. ದೊಡ್ಡಪ್ಪಯ್ಯನ ಮೊದಲ ಧಣಿ ಸಂಜೆಯ ವ್ಯಾಪಾರ ಕೆಡುತ್ತದೆಂದು ಶಾಲೆಗೆ ಬಿಡಲಿಲ್ಲ. ಎರಡು ವರ್ಷ ಕಾದು, ಶಾಲೆಗೆ ಬಿಡುವ ಇನ್ನೊಬ್ಬರ ಹೋಟೆಲಿಗೆ ಐದು ರೂಪಾಯಿ ಕಡಿಮೆ ಸಂಬಳಕ್ಕೆ ಸೇರಿ ಅವರು ಮೆಟ್ರಿಕ್ ಮುಗಿಸಿದರು. ಆ ಐದು ರೂಪಾಯಿಯ ಮಾತನ್ನು ಅವರು ದುಃಖದಿಂದ ಹೇಳಲಿಲ್ಲ. ಶಾಲೆಗೆ ಕಟ್ಟಿದ ಫೀಸು ಅದು ಎಂದರು.

ದಾದರಿಗೆ ಹೋಗುವ ಹೊತ್ತಿಗೆ ಮಳೆ ಬಿಟ್ಟಿತ್ತು. ನಿಲ್ದಾಣದ ಹೊರಗಿನ ಗಾಡಿಯೊಂದರ ಮುಂದೆ ನಿಂತು ಒಂದು ವಡಾ ಪಾವನ್ನು ಇಬ್ಬರೂ ಹಂಚಿಕೊಂಡೆವು. ಈ ತಿಂಡಿಯನ್ನು 1966ರಲ್ಲಿ ಇದೇ ದಾದರ್ ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಎಂಬವರು ಮೊದಲು ಮಾರಿದರೆಂದು ಹೇಳುತ್ತಾರೆ. ಆಗ ತಾನೇ ಎಣ್ಣೆಯಿಂದ ತೆಗೆದ ಬಟಾಟೆ ವಡೆ, ಒಣ ಬೆಳ್ಳುಳ್ಳಿಯ ಕೆಂಪು ಚಟ್ನಿಪುಡಿ, ಉಪ್ಪು ಹಚ್ಚಿ ಹುರಿದ ಹಸಿಮೆಣಸು: ತಟ್ಟೆ ಬೇಡ, ಕುರ್ಚಿ ಬೇಡ, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ನಡೆಯುತ್ತಲೇ ತಿಂದು ಮುಗಿಸಬಹುದು. ದಾದರಿನಿಂದ ಪರೇಲ್, ಲಾಲ್‌ಬಾಗ್‌ವರೆಗಿನ ಹತ್ತಿಗಿರಣಿಗಳ ಪಾಳಿಗೆ ಓಡುವವರಿಗೆ ಇದಕ್ಕಿಂತ ಹೊಂದುವ ತಿಂಡಿ ಇರಲಿಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ, ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ, ಕೆಲಸ ಕಳೆದುಕೊಂಡವರಲ್ಲಿ ಅನೇಕರು ತಾವೇ ವಡಾ ಪಾವ್ ಗಾಡಿ ಇಟ್ಟರು. ಆ ವರ್ಷ ತಮ್ಮ ಹೋಟೆಲಿನಲ್ಲಿ ಬೆಳಗಿನ ಗಿರಾಕಿ ಅರ್ಧಕ್ಕೆ ಇಳಿದದ್ದು ದೊಡ್ಡಪ್ಪಯ್ಯನಿಗೆ ನೆನಪಿದೆ.

ಗಿರಣಿಯವರ ಊಟವೆಂದರೆ ವಡಾ ಪಾವ್ ಮಾತ್ರವಲ್ಲ. ಕುಟುಂಬವನ್ನು ಊರಿನಲ್ಲಿ ಬಿಟ್ಟು, ಒಂದು ಖೋಲಿಯಲ್ಲಿ ಹತ್ತಾರು ಜನ ಪಾಳಿಯ ಮೇಲೆ ಮಲಗುತ್ತಿದ್ದ ಈ ಗಂಡಸರಿಗೆ ನೆರೆಯ ಹೆಂಗಸರು ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕುವ ಖಾನಾವಳಿಗಳನ್ನು ನಡೆಸುತ್ತಿದ್ದರು. ಕಾಳುಕಡ್ಡಿಗೆ ಬಡ್ಡಿಸಾಲ ಮಾಡಿ ನಲುಗುತ್ತಿದ್ದ ಈ ಹೆಂಗಸರಿಗೆ ಬ್ಯಾಂಕ್ ಸಾಲ ಸಿಗುವಂತೆ ಮಾಡಲು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿದರು. ಮುಂಬಯಿಯ ಊಟದ ಬಗ್ಗೆ ಬರೆಯುವವರು ಗಾಡಿ, ಹೋಟೆಲುಗಳ ಹೆಸರನ್ನು ಪಟ್ಟಿ ಮಾಡುವಾಗ ಬೋರ್ಡೇ ಇಲ್ಲದ ಈ ಅಡುಗೆಮನೆಗಳನ್ನು ಮರೆಯುವುದು ನನಗೆ ಸರಿಯೆನಿಸುವುದಿಲ್ಲ. ನನ್ನ ಪಟ್ಟಿಯಲ್ಲೂ ಅವು ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮಾಟುಂಗ. ದಾದರಿನಿಂದ ಒಂದೇ ನಿಲ್ದಾಣ. ಇಳಿದ ಕೂಡಲೇ ಬಾಳೆ ಎಲೆಯ ಕಂತೆ, ಮಲ್ಲಿಗೆ ದಂಡೆ, ಹುರಿದ ಕಾಫಿಬೀಜದ ವಾಸನೆ. ನಿಲ್ದಾಣದ ಪಕ್ಕದಲ್ಲೇ ಮೊದಲ ಮಹಡಿಯಲ್ಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆದುಬಂದಿದೆ. ಹತ್ತಿರದ ರಾಮ್ ಆಶ್ರಯ 1939ರದು, ಕೆಫೆ ಮದ್ರಾಸ್ 1940ರದು; ಸುಮಾರು ಮೂರು ವರ್ಷಗಳ ಅಂತರದಲ್ಲಿ ಈ ಮೂರೂ ಹುಟ್ಟಿದವು. ಬೋರ್ಡಿಂಗ್ ಎಂಬ ಹೆಸರೇ ಮನೆಯೂಟವಿಲ್ಲದ ಗುಮಾಸ್ತರ, ವಿದ್ಯಾರ್ಥಿಗಳ ಕಾಲವನ್ನು ಹೇಳುತ್ತದೆ. ಕೂಪನ್ ತೆಗೆದುಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದಾಗ ದೊಡ್ಡಪ್ಪಯ್ಯ ಎರಡು ಸಲ ಎದ್ದು ಒಳಗಿನ ಸಾಲುಗಳನ್ನು ನೋಡಿ ಬಂದರು. ಎಷ್ಟು ಎಲೆ, ಎಷ್ಟು ಜನ ಬಡಿಸುವವರು ಎಂಬ ಲೆಕ್ಕ ಅವರ ತುಟಿಯ ಮೇಲಿತ್ತು.

ಎಲೆ ಬಂತು, ನೀರು ಚಿಮುಕಿಸಿ ಒರೆಸಿಕೊಂಡೆವು. ಪಲ್ಯಗಳು, ಬಿಸಿ ಚಪಾತಿ, ಹಪ್ಪಳ, ಆಮೇಲೆ ಅನ್ನಕ್ಕೆ ಸಾರು, ಹುಳಿ, ಕೊನೆಗೆ ಮಜ್ಜಿಗೆ. ಸಾರಿನಲ್ಲಿ ಕೊತ್ತಂಬರಿಬೀಜವೂ ಇಂಗೂ ಮುಂದೆ ಬಂದು, ಬೆಲ್ಲ ಕೊನೆಯಲ್ಲಿ ನಾಲಿಗೆಯ ತುದಿಗೆ ಮಾತ್ರ ತಾಗಿ ಹೋಗುತ್ತಿತ್ತು; ಊರಿನ ಮದುವೆಯ ಮನೆಗಳಲ್ಲೂ ಈಗ ಇಷ್ಟು ಹದವಾದ ಸಾರು ಅಪರೂಪ. ಬಡಿಸುವವರು ಹತ್ತಿರ ಬಂದಾಗಲೆಲ್ಲ ದೊಡ್ಡಪ್ಪಯ್ಯ ತಮ್ಮ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಡುತ್ತಿದ್ದರು. ಅವರ ಎಡಗೈ ಮಾತ್ರ ಅವರಿಗೆ ತಿಳಿಯದಂತೆಯೇ ಟೇಬಲಿನ ಅಂಚನ್ನು ಅಂಗೈಯಿಂದ ಒರೆಸುತ್ತ ಇತ್ತು. ನಾನು ಪಲ್ಯದ ಸ್ವಲ್ಪ ಭಾಗವನ್ನು ಬಿಟ್ಟು ಏಳಲು ಹೊರಟಾಗ ಅವರು ತಡೆದರು. “ಎಲಿಯಂಗೆ ಎಂತದೂ ಬಿಡುಕಾಗ ಮಗಾ.” ತಿಂದು ಮುಗಿಸಿದೆ. ಎದ್ದ ಮೇಲೆ ತಮ್ಮ ಎಲೆಯನ್ನು ಮಡಚಿ ತಾವೇ ಎತ್ತಲು ಅವರು ಬಾಗಿದಾಗ, ಬಡಿಸುವವರಲ್ಲಿ ಹಿರಿಯರೊಬ್ಬರು ಓಡಿಬಂದು, “ಬಿಡಿ ಅಣ್ಣ, ನೀವು ಎತ್ತುವುದಲ್ಲ” ಎಂದು ಕನ್ನಡದಲ್ಲೇ ಹೇಳಿ ಕೈ ಹಿಡಿದರು. ಒಂದು ಕ್ಷಣ ಇಬ್ಬರೂ ಹಾಗೆಯೇ ನಿಂತರು. ಯಾವ ಹೋಟೆಲಿನಲ್ಲಿ ಇದ್ದದ್ದು ಎಂದು ಅವರು ಕೇಳಿದರು, ಹೋಟೆಲಿನಲ್ಲಿ ಇದ್ದಿರಾ ಎಂದಲ್ಲ.

ಸಂಜೆಯವರೆಗೆ ಮಾಟುಂಗದ ಮಾರುಕಟ್ಟೆಯಲ್ಲಿ ಸುತ್ತಿದೆವು. ದೊಡ್ಡಮ್ಮ ಪತ್ರೊಡೆಗೆಂದು ಹೇಳಿದ್ದ ಕೆಸುವಿನ ಎಲೆ, ಒಂದು ಮಂಗಳೂರು ಸೌತೆಕಾಯಿ, ಎರಡು ಕಿಲೋ ಕುಚ್ಚಲಕ್ಕಿ ಕೊಂಡುಕೊಂಡು, ಡೊಂಬಿವಲಿಗೆ ಮರಳುವ ದಾರಿಯಲ್ಲಿ ಘಾಟ್ಕೋಪರದಲ್ಲಿ ಇಳಿದೆವು.

ಘಾಟ್ಕೋಪರ್ ಪೂರ್ವದ ಖಾವು ಗಲ್ಲಿ ನನ್ನ ಪಟ್ಟಿಯ ಕೊನೆಯ ಹೆಸರು. ಅಲ್ಲಿನ ಗಾಡಿಗಳಲ್ಲಿ ದೋಸೆ ಎಂಬುದು ನಮಗೆ ತಿಳಿದ ದೋಸೆಯಲ್ಲ. ಕಾವಲಿಯ ಮೇಲೆ ಹಿಟ್ಟು ಹರಡಿ, ಅದರ ಮೇಲೆಯೇ ಬೆಣ್ಣೆಯ ಗಡ್ಡೆ, ಹೆಚ್ಚಿದ ಈರುಳ್ಳಿ, ದಪ್ಪಮೆಣಸು, ಎಲೆಕೋಸು, ಶೆಜ್ವಾನ್ ಚಟ್ನಿ ಹಾಕಿ ಮಸೆದು, ಮೇಲೆ ಚೀಸ್ ತುರಿದು ಸುರುಳಿ ಸುತ್ತಿ, ತುಂಡು ಮಾಡಿ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಅದು ಜಿನಿ ದೋಸೆ. ನನಗೆ ಅದರಲ್ಲಿ ಹಿಟ್ಟಿನ ಹುಳಿಯೇ ಸಿಗಲಿಲ್ಲ. ಚೀಸು, ಬೆಣ್ಣೆಗಳ ಭಾರದಲ್ಲಿ ಉದ್ದಿನ ಪರಿಮಳ ಅಡಗಿಹೋಗಿತ್ತು. ಆದರೆ ದೊಡ್ಡಪ್ಪಯ್ಯ ನನ್ನ ದೂರನ್ನು ಒಪ್ಪಲಿಲ್ಲ. ಅವರು ನೋಡುತ್ತಿದ್ದುದು ದೋಸೆ ಹೊಯ್ಯುವ ಹುಡುಗನ ಕೈಯನ್ನು. ನೀರು ಚಿಮುಕಿಸಿ ಕಾವಲಿಯ ಕಾವು ಇಳಿಸಿ ಒಂದೇ ಎಳೆತಕ್ಕೆ ಒರೆಸುವುದು, ಸೌಟನ್ನು ಒಳಗಿನಿಂದ ಹೊರಕ್ಕೆ ನಿಲ್ಲಿಸದೆ ತಿರುಗಿಸುವುದು, ಅಂಚು ಎದ್ದು ಬರುವವರೆಗೆ ಸಟ್ಟುಗ ಹಾಕದೆ ಕಾಯುವುದು, ಒಂದರಲ್ಲೂ ಅವನು ತಪ್ಪುತ್ತಿರಲಿಲ್ಲ. ತಳ ನಿಜವಾಗಿಯೂ ಎಲ್ಲ ಕಡೆ ಒಂದೇ ಬಣ್ಣಕ್ಕೆ ಬಂದು ಗರಿಗರಿಯಾಗಿತ್ತು. ದೋಸೆ ತಿನ್ನದ ಊರಿನವನೊಬ್ಬ ಇಷ್ಟು ಕಲಿತಿದ್ದಾನೆಂದರೆ ಯಾರೋ ನಿಂತು ಕಲಿಸಿದ್ದಾರೆ ಎಂದರು.

ಜನ ಸ್ವಲ್ಪ ಕಡಿಮೆಯಾದಾಗ ಅವನ ಊರು ಕೇಳಿದರು. ಜಾರ್ಖಂಡಿನ ಒಂದು ಹಳ್ಳಿಯ ಹೆಸರು ಹೇಳಿದ. ಬಂದು ಆರು ವರ್ಷವಾಯಿತಂತೆ, ಮೊದಲ ಎರಡು ವರ್ಷ ತಟ್ಟೆ ತೊಳೆಯುತ್ತಿದ್ದನಂತೆ. ನಿಮ್ಮ ಊಟ ಎಷ್ಟು ಹೊತ್ತಿಗೆ ಎಂದು ದೊಡ್ಡಪ್ಪಯ್ಯ ಹಿಂದಿಯಲ್ಲಿ ಕೇಳಿದರು. ಗಾಡಿ ಮುಚ್ಚಿದ ಮೇಲೆ, ಹನ್ನೆರಡು ಆಗುತ್ತದೆ ಎಂದು ಹೇಳಿ ಅವನು ಮತ್ತೆ ಕಾವಲಿಗೆ ನೀರು ಚಿಮುಕಿಸಿದ.

“ನಮ್ದ್ ಹನ್ನೊಂದೂವರೆಗ್ ಆತಿತ್ತ್,” ಎಂದರು ದೊಡ್ಡಪ್ಪಯ್ಯ, ನನ್ನ ಕಡೆ ತಿರುಗಿ. ನಮ್ಮ ಹಿಂದೆ ತಟ್ಟೆಗಾಗಿ ಕಾಯುತ್ತಿದ್ದ ನಾಲ್ಕೈದು ಜನ ಇದ್ದರು. ದೊಡ್ಡಪ್ಪಯ್ಯ ನನ್ನ ಕೈಯಿಂದಲೂ ಖಾಲಿ ತಟ್ಟೆಯನ್ನು ತೆಗೆದುಕೊಂಡು, ತಮ್ಮದರ ಮೇಲೆ ಇಟ್ಟು, ಗಾಡಿಯ ಪಕ್ಕದ ಬಕೆಟ್ಟಿನ ಹತ್ತಿರ ಸದ್ದಾಗದಂತೆ ಇಳಿಸಿ, ಅಕ್ಕಿಯ ಚೀಲವನ್ನು ಹೆಗಲಿಗೇರಿಸಿಕೊಂಡು ನಿಲ್ದಾಣದ ಕಡೆಗೆ ಹೊರಟರು.